ಡಬ್ಬಿಯಲ್ಲಿ ಆನೆ ಕಳಿಸಿದರೆ ಮಧ್ಯಾಹ್ನದವರೆಗೆ ಆನೆಯಾಗಿಯೇ ಉಳಿಯಬೇಕು. ಹೇಗೆ ಮಾಡ್ತೀರಿ?

ಟಿಳಕವಾಡಿ ಅವ್ವ, ಬೆಳಗಾವಿ
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಆರು ವರ್ಷ, ಈ ಸಲ ಒಂದನೇ ತರಗತಿ. ಶಾಲೆ ಶುರುವಾಗಿ ಮೂರು ವಾರ ಆಯ್ತು. ಮೊದಲ ಎರಡು ವಾರ ಡಬ್ಬಿ ಹೇಗೆ ಹೋಗಿತ್ತೋ ಹಾಗೇ ತಿರುಗಿ ಬಂತು. ಚಪಾತಿ ಪಲ್ಯ ಇಟ್ಟರೂ ಅಷ್ಟೇ, ಉಪ್ಪಿಟ್ಟು ಇಟ್ಟರೂ ಅಷ್ಟೇ. ಸಂಜೆ ಬಂದು ಬೂಟು ಬಿಚ್ಚುವ ಮೊದಲೇ ಹಸಿವು ಅಂತ ಅಳು.

ಹೋದ ಬುಧವಾರ ಬ್ರೆಡ್‌ನಲ್ಲಿ ಆನೆ ಮುಖ ಮಾಡಿದೆ. ವಾಟಿ ಒತ್ತಿ ಗುಂಡಗೆ ತಲೆ ಕತ್ತರಿಸಿದೆ. ಉಳಿದ ಚೂರಿನಲ್ಲಿ ಎರಡು ಕಿವಿ, ಅಂಚಿನ ಪಟ್ಟಿಯಲ್ಲಿ ಸೊಂಡಿಲು, ಒಣದ್ರಾಕ್ಷಿಯ ಕಣ್ಣು. ಒಳಗೆ ಕೊತ್ತಂಬರಿ ಚಟ್ನಿ, ಸೌತೆಕಾಯಿ. ಮುಂಜಾನೆ ನೋಡಿ ಕುಣಿದಾಡಿದಳು. ಸಂಜೆ ಮುಚ್ಚಳ ತೆಗೆದರೆ ಅರ್ಧ ಹಾಗೇ ಇತ್ತು. ಯಾಕವ್ವಾ ಅಂತ ಕೇಳಿದೆ. "ಸೊಂಡಿ ಬಿದ್ದಿತ್ತು, ಕಿವಿ ತೊಯ್ದಿತ್ತು. ಆನಿಗೆ ಆರಾಮ ಇದ್ದಿದ್ದಿಲ್ಲ" ಅಂದಳು.

ಅರ್ಧವಾದರೂ ತಿಂದಳಲ್ಲ, ನನಗೆ ಅದೇ ದೊಡ್ಡದು. ಇದನ್ನು ಬಿಡಬಾರದು ಅಂದುಕೊಂಡಿದ್ದೇನೆ. ಮುಂಜಾನೆ 7:15ಕ್ಕೆ ಡಬ್ಬಿ ಕಟ್ಟುತ್ತೇನೆ, ಅವಳು ತಿನ್ನೋದು 12:30ಕ್ಕೆ. ಐದು ತಾಸು ತೊಯ್ಯದಂತೆ, ಮುರಿಯದಂತೆ ಹೇಗೆ ಇಡುತ್ತೀರಿ? ಗಣಪತಿ ಗಲ್ಲಿಯಲ್ಲಿ ಪ್ಲಾಸ್ಟಿಕ್ ಅಚ್ಚುಗಳನ್ನು ನೋಡಿದೆ. ಅವು ಬೇಕೇಬೇಕಾ, ಇಲ್ಲಾ ಮನೆಯಲ್ಲಿರುವುದರಲ್ಲೇ ಆಗುತ್ತಾ?

ಕ್ಯಾಂಪ್ ಹುಡುಗಿ, ಬೆಳಗಾವಿ
ಸೋಮವಾರ, ರಾತ್ರಿ 9:58

ನಾನೂ ಇದನ್ನೇ ಕೇಳಬೇಕು ಅಂತಿದ್ದೆ. ನನ್ನ ತಮ್ಮನ ಮಗನಿಗೂ ಇದೇ ಕತೆ. ಓದ್ತಾ ಇರ್ತೀನಿ.

ನವನಗರದ ಅಕ್ಕ, ಬಾಗಲಕೋಟೆ
ಸೋಮವಾರ, ರಾತ್ರಿ 10:25

ತಂಗೀ, ಮೊದಲು ತೊಯ್ಯುವುದರ ಬಗ್ಗೆ ಹೇಳ್ತೀನಿ. ನಾನು ಎರಡು ಮಕ್ಕಳಿಗೆ ನಾಲ್ಕು ವರ್ಷದಿಂದ ಮಾಡ್ತಾ ಇದ್ದೀನಿ. ಸುಮಾರು ಬ್ರೆಡ್ ಹಾಳು ಮಾಡಿ ಕಲಿತಿದ್ದು ಇದು.

ಸೌತೆಕಾಯಿಗೆ ಉಪ್ಪು ತಾಗಿದ ಕೂಡಲೇ ನೀರು ಬಿಡುತ್ತೆ. ನಿಮ್ಮ ಚಟ್ನಿಯಲ್ಲಿ ಉಪ್ಪು ಇದ್ದೇ ಇರುತ್ತೆ. ಹಾಗಾಗಿ ಡಬ್ಬಿ ಮುಚ್ಚಿದ ಮೇಲೆ ಒಳಗೇ ನೀರು ಇಳಿದು ಬ್ರೆಡ್ ಕುಡಿಯುತ್ತೆ. ಸೌತೆಕಾಯಿಯನ್ನು ತೆಳ್ಳಗೆ ಹೆಚ್ಚಿ, ಚಿಟಿಕೆ ಉಪ್ಪು ಹಚ್ಚಿ, ಹತ್ತು ನಿಮಿಷ ಬಿಟ್ಟು, ಶುಭ್ರ ಬಟ್ಟೆಯಲ್ಲಿ ಒತ್ತಿ ಒರೆಸಿ. ಹೋಗುವ ನೀರು ಅಲ್ಲೇ ಹೋಗಲಿ. ಆಮೇಲೆ ಎರಡೂ ಬ್ರೆಡ್‌ನ ಒಳಮೈಗೆ ಬೆಣ್ಣೆ ಹಚ್ಚಿ, ಅಂಚಿನವರೆಗೂ. ನೀವು ಬೆಣ್ಣೆ ಬರೆದೇ ಇಲ್ಲ ನೋಡಿ. ಬೆಣ್ಣೆ ಇಲ್ಲಿ ರುಚಿಗಷ್ಟೇ ಅಲ್ಲ, ನೀರು ಬ್ರೆಡ್‌ಗೆ ಇಳಿಯದ ಹಾಗೆ ಅಡ್ಡ ನಿಲ್ಲೋದು ಅದೇ. ಟೊಮೆಟೊ ಹಾಕುವುದಾದರೆ ನಡುವಿನ ಬೀಜದ ರಸ ತೆಗೆದು ಬರೀ ತಿರುಳು ಹಾಕಿ.

ಚಟ್ನಿ ಗಟ್ಟಿ ಇರಬೇಕು. ನಾನು ಕೊತ್ತಂಬರಿ ಚಟ್ನಿಗೆ ಒಂದು ಚಮಚ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಕಲಸ್ತೀನಿ. ಹಿಂಡಿ ನೀರು ಎಳೆದುಕೊಂಡು ಚಟ್ನಿ ಮುದ್ದೆಯ ಹಾಗೆ ನಿಲ್ಲುತ್ತೆ. ಆದರೆ ಹಿಂಡಿ ಹಾಕುವ ಮೊದಲು ಶಾಲೆಯಲ್ಲಿ ಒಮ್ಮೆ ಕೇಳಿ. ಶೇಂಗಾ ಆಗದ ಮಕ್ಕಳು ಪಕ್ಕದಲ್ಲಿ ಕೂತಿದ್ದರೆ ಕಷ್ಟ, ಮಕ್ಕಳು ಹಂಚಿಕೊಂಡು ತಿನ್ನುತ್ತಾರೆ.

ಇನ್ನು ಕತ್ತರಿಸುವುದು. ಒಂದೊಂದೇ ಬ್ರೆಡ್ ಕತ್ತರಿಸಿ ಆಮೇಲೆ ಜೋಡಿಸಬೇಡಿ. ಬೆಣ್ಣೆ, ಚಟ್ನಿ ಎಲ್ಲ ಹಚ್ಚಿ ಎರಡನ್ನೂ ಮುಚ್ಚಿ, ಕೈಯಲ್ಲಿ ಮೆತ್ತಗೆ ಒತ್ತಿ, ಐದು ನಿಮಿಷ ಫ್ರಿಜ್‌ನಲ್ಲಿಟ್ಟು ಆಮೇಲೆ ಕತ್ತರಿಸಿ. ಬೆಣ್ಣೆ ಗಟ್ಟಿಯಾಗಿ ಎರಡೂ ಹಿಡಿದುಕೊಂಡಿರುತ್ತವೆ. ಅಂದೇ ತಂದ ಬ್ರೆಡ್ ಹಿಂಜುತ್ತೆ, ಹಿಂದಿನ ದಿನದ್ದು ನೆಟ್ಟಗೆ ಕತ್ತರಿಸುತ್ತೆ. ಚಾಕುವನ್ನು ಎಳೆಯಬೇಡಿ, ಮೇಲಿಂದ ಕೆಳಗೆ ಒತ್ತಿ.

ಅಚ್ಚು ಬೇಡ. ವಾಟಿ, ಬಾಟಲಿ ಮುಚ್ಚಳ, ಮತ್ತೆ ದೀಪಾವಳಿಗೆ ಕರ್ಚಿಕಾಯಿ ಅಂಚು ಕೊಯ್ಯುವ ಹಲ್ಲಿನ ಗಾಲಿ, ಇಷ್ಟು ಸಾಕು. ಆ ಗಾಲಿಯಿಂದ ಸಿಂಹ ಮಾಡಿ ನೋಡಿ. ಗುಂಡಗಿನ ಬ್ರೆಡ್ ಸುತ್ತ ಗಾಲಿ ಉರುಳಿಸಿದರೆ ಅಂಚು ಪೂರ್ತಿ ಹಲ್ಲು ಹಲ್ಲಾಗಿ ಬರುತ್ತೆ. ಅದೇ ಸಿಂಹದ ಕೇಸರ. ನಡುವೆ ಸಣ್ಣ ವಾಟಿಯಿಂದ ಒಂದು ಗುಂಡು ಗೆರೆ ಒತ್ತಿ, ಗಜ್ಜರಿಯ ಮೂಗು ಇಟ್ಟರೆ ಆಯ್ತು. ಎರಡು ನಿಮಿಷದ ಕೆಲಸ.

ಇಂಡಿ ಕಡೆಯವ, ವಿಜಯಪುರ
ಸೋಮವಾರ, ರಾತ್ರಿ 10:50

ನಮ್ಮ ಮನೆಯಲ್ಲಿ ಬುತ್ತಿ ಕಟ್ಟುವವನು ನಾನು. ಮನೆಯವರ ಕೆಲಸ ಮುಂಜಾನೆ 6ಕ್ಕೇ ಶುರು. ಮಗ ಯುಕೆಜಿ.

ಅಕ್ಕಾರು ಹೇಳಿದ ಬೆಣ್ಣೆಯ ಮಾತು ನೂರಕ್ಕೆ ನೂರು ನಿಜ. ನಾನು ಒಂದು ಸೇರಿಸ್ತೀನಿ: ಸೇಬು ಇಡುವುದಾದರೆ ನಿಂಬೆರಸ ಸವರಿ. ಮೊಲದ ಕಿವಿಗೆ ಸೇಬಿನ ಹೋಳು ಇಟ್ಟರೆ ಮಧ್ಯಾಹ್ನಕ್ಕೆ ಕಂದು ಬಣ್ಣಕ್ಕೆ ತಿರುಗಿ ಹುಡುಗ ಮುಟ್ಟುತ್ತಿರಲಿಲ್ಲ. ಹೆಚ್ಚಿದ ಸೇಬಿಗೆ ಗಾಳಿ ತಾಗಿ ಹಾಗಾಗೋದು, ಹುಳಿ ಅದನ್ನು ತಡೆಯುತ್ತೆ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕ ಮೇಲೆ ಎಲ್ಲರೂ ಅದರ ಉಪ್ಪಿನಕಾಯಿ, ಶರಬತ್ತಿನ ಮಾತಾಡ್ತಾರೆ. ನನ್ನ ಅಡುಗೆಮನೆಯಲ್ಲಿ ಅದು ಮೊಲದ ಕಿವಿ ಕಾಯುತ್ತೆ.

ಕಣ್ಣಿಗೆ ಮೆಣಸಿನಕಾಳು, ಲವಂಗ ಇಡಬೇಡಿ. ಒಮ್ಮೆ ಇಟ್ಟು ಮಗ ಕಚ್ಚಿ ಬಾಯಿ ಉರಿದು, ಒಂದು ವಾರ ಬ್ರೆಡ್ ಅಂದರೆ ಮುಖ ತಿರುಗಿಸಿದ. ಈಗ ಸಣ್ಣ ಕಣ್ಣಿಗೆ ಗುರೆಳ್ಳು, ದೊಡ್ಡ ಕಣ್ಣಿಗೆ ಒಣದ್ರಾಕ್ಷಿಯ ಅರ್ಧ. ಬೆಣ್ಣೆಯ ಚುಕ್ಕೆ ಇಟ್ಟು ಅದರ ಮೇಲೆ ಕೂರಿಸಿದರೆ ಅಲುಗಾಡಲ್ಲ.

ಹಲ್ಲುಕಡ್ಡಿ ಚುಚ್ಚಿ ಕಿವಿ ನಿಲ್ಲಿಸುವುದನ್ನು ಕೆಲವು ಚಿತ್ರಗಳಲ್ಲಿ ತೋರಿಸ್ತಾರೆ. ದಯವಿಟ್ಟು ಸಣ್ಣ ಮಕ್ಕಳ ಡಬ್ಬಿಗೆ ಅದು ಬೇಡ. ಹಾಗೇ ಹಸಿ ದ್ರಾಕ್ಷಿಯನ್ನು ಇಡಿಯಾಗಿ ಇಡಬೇಡಿ. ನಮ್ಮ ಕಡೆ ದ್ರಾಕ್ಷಿ ಮನೆ ಮನೆಯಲ್ಲಿ ಇರುತ್ತೆ, ಯಾರೂ ಯೋಚನೆ ಮಾಡಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಉದ್ದಕ್ಕೆ ಸೀಳಿ ನಾಲ್ಕು ಹೋಳು ಮಾಡಬೇಕು. ಗುಂಡಗಿನ ದ್ರಾಕ್ಷಿ ಗಂಟಲಲ್ಲಿ ಬಿರಡೆಯ ಹಾಗೆ ಕೂತುಬಿಡುತ್ತೆ. ಇಡಿ ಶೇಂಗಾ ಕಾಳೂ ಅಷ್ಟೇ, ಆ ವಯಸ್ಸಿಗೆ ಬೇಡ.

ಟಿಳಕವಾಡಿ ಅವ್ವ
ಸೋಮವಾರ, ರಾತ್ರಿ 11:05

ಅಯ್ಯೋ, ಎಷ್ಟು ವಿವರ! ಅಕ್ಕಾ, ಅಣ್ಣಾ, ಇಬ್ಬರಿಗೂ ಬಹಳ ಉಪಕಾರ ಆಯ್ತು. ನಾಳೆ ಬೆಣ್ಣೆ ಹಚ್ಚಿ ಸಿಂಹ ಮಾಡ್ತೀನಿ. ಕರ್ಚಿಕಾಯಿ ಗಾಲಿ ಅಟ್ಟದ ಮೇಲಿದೆ, ಈಗಲೇ ಇಳಿಸ್ತೀನಿ.

ಜಮಖಂಡಿ ಅಣ್ಣ, ಬಾಗಲಕೋಟೆ ಜಿಲ್ಲೆ
ಮಂಗಳವಾರ, ಮುಂಜಾನೆ 6:30

ನನ್ನದು ಬೇರೆ ಅಭಿಪ್ರಾಯ, ಬೇಜಾರಾಗಬೇಡಿ. ಬ್ರೆಡ್ ಯಾಕೆ? ಜೋಳ ಬೆಳೆಯುವ ಸೀಮೆ ನಮ್ಮದು. ಬಿಸಿ ರೊಟ್ಟಿ, ಮೊಸರು, ಹಿಂಡಿ ತಿಂದು ಬೆಳೆದ ಮಕ್ಕಳು ನಾವು. ಅಂಗಡಿಯ ಬಿಳಿ ಬ್ರೆಡ್ ಅಂದರೆ ಮೈದಾ. ಆಕಾರ ನೋಡಿ ಮಗು ಮೈದಾ ರೂಢಿ ಮಾಡಿಕೊಂಡರೆ ನಾಳೆ ರೊಟ್ಟಿ ಮುಂದಿಟ್ಟಾಗ ಬೇಡ ಅನ್ನುತ್ತೆ. ಅದು ನನಗೆ ನಿಜವಾಗಿ ಚಿಂತೆ. ನಮ್ಮ ಅಣ್ಣನ ಮನೆಯಲ್ಲಿ ಹಾಗೇ ಆಗಿದೆ.

ಮತ್ತೆ, ಕತ್ತರಿಸಿದ ಅಂಚು ಎಲ್ಲ ಎಲ್ಲಿ ಹೋಗುತ್ತೆ? ಅನ್ನ ಚೆಲ್ಲಬಾರದು ಅಂತ ಮಕ್ಕಳಿಗೆ ಹೇಳಿ, ಅವರ ಕಣ್ಣೆದುರಿಗೇ ಅರ್ಧ ಬ್ರೆಡ್ ಚೆಲ್ಲಿದರೆ ಹೇಗೆ?

ನವನಗರದ ಅಕ್ಕ
ಮಂಗಳವಾರ, ಮಧ್ಯಾಹ್ನ 1:15

ಅಣ್ಣಾರೆ, ಅಂಚಿನ ಮಾತು ಸರಿ. ನಮ್ಮ ಮನೆಯಲ್ಲಿ ಒಂದು ಚೂರೂ ಚೆಲ್ಲಲ್ಲ. ಅಂಚನ್ನೆಲ್ಲ ಒಂದು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡ್ತೀನಿ. ಎರಡು ದಿನಕ್ಕೊಮ್ಮೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಸಾಸಿವೆ, ಕರಿಬೇವು ಹಾಕಿ ಒಗ್ಗರಣೆ ಮಾಡಿದರೆ ಸಂಜೆಯ ತಿಂಡಿ ಆಯ್ತು. ಇಲ್ಲಾಂದ್ರೆ ತವೆಯ ಮೇಲೆ ಹುರಿದು ಪುಡಿ ಮಾಡಿಟ್ಟುಕೊಂಡರೆ ಬಟಾಟಿ ಟಿಕ್ಕಿಗೆ ಹೊರಳಿಸಲು ಬರುತ್ತೆ.

ಬ್ರೆಡ್ ಬಗ್ಗೆ: ಪೊಟ್ಟಣದ ಹಿಂದೆ ಏನೇನು ಹಾಕಿದ್ದಾರೆ ಅಂತ ಪಟ್ಟಿ ಇರುತ್ತೆ. ತೂಕದಲ್ಲಿ ಯಾವುದು ಜಾಸ್ತಿಯೋ ಅದರ ಹೆಸರು ಮೊದಲು ಬರುತ್ತೆ. ಮೊದಲ ಹೆಸರು ಗೋಧಿ ಹಿಟ್ಟು ಅಂತಿದ್ದರೆ ತಗೊಳ್ಳಿ. ಬಣ್ಣ ಕಂದು ಅಂತ ನೋಡಿ ಮೋಸ ಹೋಗಬೇಡಿ, ಕೆಲವಕ್ಕೆ ಬಣ್ಣ ಬರಲು ಕ್ಯಾರಮೆಲ್ ಹಾಕಿರ್ತಾರೆ.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ. ಹೋದ ವರ್ಷ ಒಂದು ಬೇಕರಿಯಿಂದ ತಂದ ಬ್ರೆಡ್ ತಾರೀಖು ಮುಗಿಯುವ ಮೊದಲೇ ಹಸಿರು ಚುಕ್ಕೆ ಹಿಡಿದಿತ್ತು. ಮುಂಜಾನೆ ಗಡಿಬಿಡಿಯಲ್ಲಿ ಆ ತುಂಡೊಂದು ತೆಗೆದು ಉಳಿದದ್ದು ಹಾಕುವವಳಿದ್ದೆ. ನಮ್ಮ ಅತ್ತೆಯವರು ತಡೆದರು. ಬೂಷ್ಟು ಕಣ್ಣಿಗೆ ಕಾಣುವುದು ಒಂದು ಕಡೆ, ಅದರ ಎಳೆ ಒಳಗೆ ಹಬ್ಬಿರುತ್ತೆ. ಒಂದು ಚುಕ್ಕೆ ಕಂಡರೆ ಇಡೀ ಪೊಟ್ಟಣ ಹೊರಗೆ ಹಾಕಬೇಕು. ಬೆಳಗಾವಿಯ ಮಳೆ ನಮಗಿಂತ ಜಾಸ್ತಿ, ತಂಗಿ ಎರಡು ದಿನಕ್ಕಾಗುವಷ್ಟೇ ತರಲಿ.

ಇಂಡಿ ಕಡೆಯವ
ಮಂಗಳವಾರ, ರಾತ್ರಿ 9:20

ಜಮಖಂಡಿ ಅಣ್ಣನ ಮಾತು ಓದಿ ಇವತ್ತು ಸಂಜೆ ರೊಟ್ಟಿಯಲ್ಲೇ ಮಾಡಿ ನೋಡಿದೆ. ಏನಾಯ್ತು ಅಂತ ಹೇಳ್ತೀನಿ.

ಸುಟ್ಟ ರೊಟ್ಟಿಯನ್ನು ಕತ್ತರಿಸಿದರೆ ಅಂಚು ಬಿರಿಯುತ್ತೆ. ಕಡಕ್ ರೊಟ್ಟಿಯಂತೂ ಚೂರು ಚೂರು. ಆಮೇಲೆ ಸುಡುವ ಮೊದಲೇ, ಬಡಿದ ರೊಟ್ಟಿಯನ್ನು ಹಸಿ ಇದ್ದಾಗಲೇ ಕತ್ತರಿಸಿದೆ. ಮೀನು ಚೆನ್ನಾಗಿ ಬಂತು. ಆಮೆ ಇನ್ನೂ ಚೆನ್ನಾಗಿ ಬಂತು. ಬೆಕ್ಕಿನ ಕಿವಿ, ಮೊಲದ ಕಿವಿ ತವೆಗೆ ಹಾಕುವಾಗಲೇ ಹರಿದವು. ಗೋಧಿ ಹಿಟ್ಟಿಗೆ ಇರುವ ಜಿಗಿ ಜೋಳದ ಹಿಟ್ಟಿಗಿಲ್ಲ. ಸಪೂರ ಭಾಗ ಎಲ್ಲಿದೆಯೋ ಅಲ್ಲಿ ನಿಲ್ಲಲ್ಲ. ಅಗಲ ಮೈಯ ಪ್ರಾಣಿ ಮಾತ್ರ ಆಗುತ್ತೆ.

ಆಮೇಲೆ ಮನೆಯವರು ತಾಲಿಪಟ್ಟಿ ಹಿಟ್ಟು ಕಲಸಿಕೊಟ್ಟರು. ಜೋಳದ ಹಿಟ್ಟಿಗೆ ಗೋಧಿ ಹಿಟ್ಟು, ಕಡಲೆ ಹಿಟ್ಟು, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ. ಅದು ಹಿಡಿದು ನಿಂತಿತು. ಕತ್ತರಿಸುವುದೇ ಬೇಡ, ಬಟ್ಟೆಯ ಮೇಲೆ ಕೈಯಿಂದಲೇ ತಟ್ಟಿ ಆಕಾರ ಕೊಡಬಹುದು. ಎರಡು ಆಮೆ ತಟ್ಟಿ ನಡುವೆ ಬೆಣ್ಣೆ, ಅಗಸಿ ಹಿಂಡಿ ಇಟ್ಟರೆ ಅದೂ ಸ್ಯಾಂಡ್‌ವಿಚ್ಚೇ ಅಲ್ವಾ? ಮಗ ಮೊದಲು ನಾಲ್ಕು ಕಾಲು ತಿಂದ, ಆಮೇಲೆ ತಲೆ. ಬೆನ್ನು ನಾಳೆಗೆ ಅಂತ ಎತ್ತಿಟ್ಟ.

ಜಮಖಂಡಿ ಅಣ್ಣ
ಮಂಗಳವಾರ, ರಾತ್ರಿ 9:45

ಇದು ನನಗೆ ಬಹಳ ಹಿಡಿಸಿತು ತಮ್ಮಾ. ಅಣ್ಣನ ಮನೆಗೆ ಇದೇ ಮಾತು ತಿಳಿಸ್ತೀನಿ.

ಮುಧೋಳ ಟೀಚರ್
ಬುಧವಾರ, ಸಂಜೆ 5:50

ನಾನು ಒಂದನೇ, ಎರಡನೇ ತರಗತಿಯ ಮಕ್ಕಳ ಜೊತೆ ದಿನಾ ಊಟಕ್ಕೆ ಕೂರುವವಳು. ಡಬ್ಬಿ ಮನೆಯಿಂದ ಹೊರಟ ಮೇಲೆ ಏನಾಗುತ್ತೆ ಅಂತ ಕಣ್ಣಾರೆ ನೋಡಿದ್ದನ್ನು ಹೇಳ್ತೀನಿ.

ಮೊದಲನೆಯದು, ಮಕ್ಕಳ ಚೀಲವನ್ನು ಒಮ್ಮೆ ಎತ್ತಿ ನೋಡಿ. ಮಲಗಿಸಿಟ್ಟ ಡಬ್ಬಿ ದಾರಿಯಲ್ಲಿ ನಿಂತಿರುತ್ತೆ, ತಲೆಕೆಳಗಾಗಿರುತ್ತೆ, ರಿಕ್ಷಾದಲ್ಲಿ ಹತ್ತು ಮಕ್ಕಳ ಚೀಲದ ಕೆಳಗೆ ಒತ್ತಿರುತ್ತೆ. ಎಷ್ಟು ಚೆಂದ ಮಾಡಿದರೂ ಡಬ್ಬಿಯಲ್ಲಿ ಖಾಲಿ ಜಾಗ ಇದ್ದರೆ ಪ್ರಾಣಿ ಒಂದು ಮೂಲೆಗೆ ಹೋಗಿ ಬಿದ್ದಿರುತ್ತೆ. ಜಾಗ ತುಂಬಿಸಿ. ಗಜ್ಜರಿಯ ಉದ್ದ ಹೋಳು, ಸುರುಳಿ ಮಾಡಿದ ಚಪಾತಿ, ಏನಾದರೂ. ಮುಚ್ಚಳಕ್ಕೂ ಬ್ರೆಡ್‌ಗೂ ನಡುವೆ ಒಂದು ಬೆರಳು ಜಾಗ ಇರಬೇಕು, ಅದಕ್ಕಿಂತ ಜಾಸ್ತಿ ಬೇಡ. ಕೆಲವರು ದಿನಪತ್ರಿಕೆಯ ಹಾಳೆ ಮಡಚಿ ತುರುಕಿರ್ತಾರೆ. ಅದು ಬೇಡ, ಅಕ್ಷರದ ಮಸಿ ಊಟಕ್ಕೆ ಹತ್ತುತ್ತೆ. ಊಟ ಸುತ್ತಲು ಪತ್ರಿಕೆ ಬಳಸಬೇಡಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ.

ಎರಡನೆಯದು ಹೇಳಲೇಬೇಕು. ತೀರಾ ಜೀವ ಬಂದ ಹಾಗೆ ಮುಖ ಮಾಡಿದರೆ ಕೆಲವು ಮಕ್ಕಳು ತಿನ್ನಲ್ಲ. ಹೋದ ವರ್ಷ ನನ್ನ ತರಗತಿಯ ಹುಡುಗನೊಬ್ಬ ಕೋಳಿಮರಿ ತಂದಿದ್ದ. ಜುಟ್ಟು ಟೊಮೆಟೊದ್ದು, ಕೊಕ್ಕು ಗಜ್ಜರಿದು. ಗಂಟೆ ಬಾರಿಸಿದರೂ ಡಬ್ಬಿಯ ಮೇಲೆ ಕೈ ಮುಚ್ಚಿ ಕೂತಿದ್ದ. ಕೇಳಿದರೆ "ಕಚ್ಚಿದ್ರ ಅದಕ್ಕ ನೋಯ್ತೈತ್ರಿ" ಅಂದ. ನಾನು ಪಕ್ಕದಲ್ಲಿ ಕೂತು, ಅದು ನಿನ್ನ ಹೊಟ್ಟೆಯಲ್ಲಿ ಗೂಡು ಕಟ್ಟುತ್ತೆ ಅಂತ ಹೇಳಿದ ಮೇಲೆ ಬಾಲದಿಂದ ಶುರು ಮಾಡಿದ. ಅಂಥ ಮೆತ್ತನೆಯ ಮನಸ್ಸಿನ ಮಗು ಇದ್ದರೆ ಮುಖ ಬೇಡ. ಪೂರ್ತಿ ಮೈ ಮಾಡಿ, ಪಕ್ಕಕ್ಕೆ ತಿರುಗಿ ನಿಂತ ಹಾಗೆ. ಬಾಲದಿಂದ ತಿನ್ನಲು ದಾರಿ ಇರುತ್ತೆ.

ಮೂರನೆಯದು, ಅಳತೆ. ಕೈ ತೊಳೆದು, ಸಾಲಾಗಿ ಕೂತು, ಮುಚ್ಚಳ ಬಿಚ್ಚುವುದರಲ್ಲೇ ಹತ್ತು ನಿಮಿಷ ಹೋಗುತ್ತೆ. ತಿನ್ನಲು ಸಿಗೋದು ಇಪ್ಪತ್ತು ನಿಮಿಷ. ಮಗುವಿನ ಅಂಗೈಗಿಂತ ದೊಡ್ಡ ಸ್ಯಾಂಡ್‌ವಿಚ್ ಅರ್ಧಕ್ಕೇ ಉಳಿಯುತ್ತೆ. ಒಂದು ದೊಡ್ಡ ಆನೆಗಿಂತ ಎರಡು ಸಣ್ಣ ಮರಿ ಬೇಗ ಮುಗಿಯುತ್ತವೆ.

ಇನ್ನೊಂದು ನನ್ನ ಮನಸ್ಸಿನಲ್ಲಿರುವ ಮಾತು. ಒಂದು ಡಬ್ಬಿಯಲ್ಲಿ ಹುಲಿ ಬಂದ ದಿನ ಎಲ್ಲ ಮಕ್ಕಳೂ ಅಲ್ಲಿಗೇ ಓಡುತ್ತಾರೆ. ಪಕ್ಕದ ಮಗು ತನ್ನ ರೊಟ್ಟಿಯ ಮೇಲೆ ಮುಚ್ಚಳ ಎಳೆದುಕೊಳ್ಳುತ್ತೆ. ನಾನು ಅದನ್ನು ನೋಡಿದ್ದೇನೆ, ಆ ದಿನ ನನಗೂ ಊಟ ಇಳಿಯಲಿಲ್ಲ. ತಾಯಂದಿರು ಇಷ್ಟು ಪ್ರೀತಿಯಿಂದ ಮಾಡುವುದನ್ನು ಬೇಡ ಅನ್ನಲ್ಲ. ದಿನಾ ಬೇಡ ಅಂತೀನಿ. ವಾರಕ್ಕೆ ಒಂದೋ ಎರಡೋ ಸಲ ಸಾಕು. ಮಾಡಿದ ದಿನ ಹಂಚಲು ನಾಲ್ಕು ಸಣ್ಣ ಚೂರು ಜಾಸ್ತಿ ಇಡಿ.

ನವನಗರದ ಅಕ್ಕ
ಬುಧವಾರ, ರಾತ್ರಿ 8:10

ಟೀಚರ್, ಕೊನೆಯ ಮಾತು ಓದಿ ಸುಮ್ಮನೆ ಕೂತುಬಿಟ್ಟೆ. ನಾನು ಇಷ್ಟು ವರ್ಷ ನನ್ನ ಮಕ್ಕಳ ಡಬ್ಬಿ ಮಾತ್ರ ನೋಡ್ತಿದ್ದೆ. ಇನ್ನು ಮೇಲೆ ಬುಧವಾರ, ಶನಿವಾರ ಅಷ್ಟೇ. ಚೂರು ಜಾಸ್ತಿ ಇಡ್ತೀನಿ.

ಗೋಕಾಕದ ಆಯಿ
ಗುರುವಾರ, ಮುಂಜಾನೆ 10:15

ಮೊಮ್ಮಗಳು ಟೈಪ್ ಮಾಡಿಕೊಡ್ತಾ ಇದ್ದಾಳೆ. ಹುಡುಗೀರು ಬ್ರೆಡ್ಡಿನ ಆನೆಯ ಸೊಂಡಿಲು ಮುರಿಯುತ್ತೆ ಅಂತ ಮಾತಾಡ್ತಿದ್ದೀರಿ ಅಂತ ಓದಿ ಹೇಳಿದಳು. ನಮಗೆ ಇದು ಹೊಸದಲ್ಲ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವುದಿಲ್ಲವೇ? ಆನೆ, ಕುದುರೆ, ಗಿಣಿ, ನವಿಲು, ಎಲ್ಲ ಸಕ್ಕರೆಯಲ್ಲಿ ಎರೆದು ತೆಗೆಯುತ್ತೇವೆ. ನಮ್ಮ ಅತ್ತೆಯ ಕಾಲದ ಕಟ್ಟಿಗೆ ಅಚ್ಚು ಇನ್ನೂ ನನ್ನ ಹತ್ತಿರ ಇದೆ. ಎರಡು ಹೋಳಿನದು. ನೀರಲ್ಲಿ ನೆನೆಸಿಟ್ಟು, ದಾರ ಕಟ್ಟಿ, ಪಾಕ ಹೊಯ್ದು, ಆರಿದ ಮೇಲೆ ಬಿಚ್ಚುವುದು.

ಆ ಆನೆಯ ಅಚ್ಚನ್ನು ಈಗ ಕೈಯಲ್ಲಿ ಹಿಡಿದು ನೋಡ್ತಾ ಇದ್ದೀನಿ. ಸೊಂಡಿಲು ಜೋತು ಬಿದ್ದಿಲ್ಲ. ಕೆಳಗೆ ಬಾಗಿ ಮುಂಗಾಲಿಗೆ ಕೂಡಿಕೊಂಡಿದೆ. ಬಾಲವೂ ಹಿಂಗಾಲಿಗೆ ಅಂಟಿದೆ. ಕುದುರೆಯ ನಾಲ್ಕು ಕಾಲು ಬೇರೆ ಬೇರೆ ಇಲ್ಲ, ಕೆಳಗೆ ಒಂದು ಪಟ್ಟಿಯ ಮೇಲೆ ನಿಂತಿವೆ. ನವಿಲಿನ ಕುತ್ತಿಗೆ ದಪ್ಪ. ಅಚ್ಚು ಕೆತ್ತಿದವರಿಗೆ ಎಲ್ಲಿ ಮುರಿಯುತ್ತೆ ಅಂತ ಗೊತ್ತಿತ್ತು. ನೀನೂ ಹಾಗೇ ಮಾಡು ಮಗಳೇ. ಬೇರೆ ಚೂರು ತಂದು ಅಂಟಿಸಬೇಡ. ಒಂದೇ ತುಂಡಿನಲ್ಲಿ ಪಕ್ಕಕ್ಕೆ ನಿಂತ ಆನೆ ತೆಗೆ, ಸೊಂಡಿಲನ್ನು ಕಾಲಿಗೆ ಕೂಡಿಸು. ನಡುವಿನ ಸಂದಿಯನ್ನು ಬಾಟಲಿ ಮುಚ್ಚಳದಿಂದ ಒಂದು ತೂತು ತೆಗೆದರೆ ಸಾಕು, ಸೊಂಡಿಲು ತಾನೇ ಕಾಣುತ್ತೆ.

ಟಿಳಕವಾಡಿ ಅವ್ವ
ಗುರುವಾರ, ಮಧ್ಯಾಹ್ನ 2:40

ಆಯಿ, ಇದು ನನಗೆ ತಲೆಗೇ ಹೊಳೆದಿರಲಿಲ್ಲ! ನನ್ನ ತವರಲ್ಲೂ ಸಕ್ಕರೆ ಆರತಿ ಅಚ್ಚು ಇತ್ತು, ಚಿಕ್ಕವಳಿದ್ದಾಗ ನಾನೇ ದಾರ ಬಿಚ್ಚುತ್ತಿದ್ದೆ. ಮುರಿದ ಗಿಣಿ ನನ್ನ ಪಾಲಿಗೆ ಬರುತ್ತಿತ್ತು.

ಮಂಗಳವಾರದ ಸಿಂಹ ಪೂರ್ತಿ ಹೋಯ್ತು ಅಂತ ಹೇಳುವುದು ಮರೆತಿದ್ದೆ. ಬ್ರೆಡ್ ಒಣಗಿದ ಹಾಗೇ ಇತ್ತಂತೆ. ಭೂತರಾಮನಹಟ್ಟಿಯ ಮೃಗಾಲಯದಲ್ಲಿ ಸಿಂಹ ನೋಡಿದ್ದಳು, ಅದರ ಹಾಗೇ ಗರ್ಜಿಸುತ್ತಾ ತಿಂದಳಂತೆ. ನಾಳೆ ಆಯಿ ಹೇಳಿದ ಆನೆ.

ಕ್ಯಾಂಪ್ ಹುಡುಗಿ
ಗುರುವಾರ, ಸಂಜೆ 6:05

ಒಂದು ಸಣ್ಣ ಪ್ರಶ್ನೆ. ಮೊಟ್ಟೆ, ಪನೀರ್ ಒಳಗೆ ಇಡಬಹುದಾ? ಬರೀ ಚಟ್ನಿಯಲ್ಲಿ ಹೊಟ್ಟೆ ತುಂಬಲ್ಲ ಅನ್ನಿಸುತ್ತೆ.

ಇಂಡಿ ಕಡೆಯವ
ಗುರುವಾರ, ರಾತ್ರಿ 9:00

ಐದು ತಾಸಿನ ಡಬ್ಬಿಗೆ ಬೇಡ ತಂಗಿ. ಮೊಟ್ಟೆ, ಪನೀರ್, ಮೇಯೊನೀಸ್ ಎಲ್ಲ ಫ್ರಿಜ್‌ನಿಂದ ಹೊರಗೆ 2 ತಾಸಿಗಿಂತ ಜಾಸ್ತಿ ಇರಬಾರದು. ಹೊರಗಿನ ಬಿಸಿ 32 ಡಿಗ್ರಿ ದಾಟಿದರೆ 1 ತಾಸು. ನಮ್ಮ ವಿಜಯಪುರದ ಮಾರ್ಚ್ ತಿಂಗಳು ನಿಮಗೆ ಗೊತ್ತಲ್ಲ, ಮಧ್ಯಾಹ್ನ ಚೀಲ ಮುಟ್ಟಿದರೇ ಬೆಚ್ಚಗಿರುತ್ತೆ. ಒಮ್ಮೆ ಮೇಯೊನೀಸ್ ಹಾಕಿ ಕಳಿಸಿದ್ದೆ, ಡಬ್ಬಿ ತೆಗೆದಾಗಲೇ ಹುಳಿ ವಾಸನೆ. ಮಗ ತಿಂದಿರಲಿಲ್ಲ, ಪುಣ್ಯ. ಅವತ್ತಿನಿಂದ ಬಿಟ್ಟೆ.

ಹೊಟ್ಟೆ ತುಂಬಬೇಕು ಅಂದರೆ ಪುಟಾಣಿಯನ್ನು (ಹುರಿಗಡಲೆ) ಪುಡಿ ಮಾಡಿ ಬೆಣ್ಣೆಯಲ್ಲಿ ಕಲಸಿ ಹಚ್ಚಿ. ಚಿಟಿಕೆ ಖಾರ, ಉಪ್ಪು. ನೀರಿನ ಅಂಶ ಕಡಿಮೆ, ಮಧ್ಯಾಹ್ನಕ್ಕೂ ಕೆಡಲ್ಲ.

ಮುಧೋಳ ಟೀಚರ್
ಶುಕ್ರವಾರ, ಸಂಜೆ 6:20

ಇವತ್ತು ಒಂದು ಹುಡುಗಿ ನಮ್ಮೂರ ನಾಯಿ ತಂದಿದ್ದಳು. ಹೇಳದೆ ಇರಲು ಆಗ್ತಿಲ್ಲ. ಮುಧೋಳ ನಾಯಿಯ ಮುಖ ಉದ್ದ, ಸಪೂರ. ಅವಳ ಅವ್ವ ಬ್ರೆಡ್ ಅನ್ನು ಮೂಲೆಯಿಂದ ಮೂಲೆಗೆ ಸೀಳಿ ಮುಕ್ಕೋನದ ಚೂಪು ತುದಿಯನ್ನೇ ಮೂತಿ ಮಾಡಿದ್ದರು. ಕಂದು ಅಂಚು ಮಡಚಿದ ಕಿವಿಯ ಹಾಗೆ ಕಾಣುತ್ತಿತ್ತು. ಒಂದು ಚೂರೂ ಕತ್ತರಿಸಿ ಬಿಸಾಕಿಲ್ಲ! ಜಮಖಂಡಿ ಅಣ್ಣಾರು ನೋಡಿದ್ದರೆ ಖುಷಿಪಡುತ್ತಿದ್ದರು. ಊಟ ಆದ ಮೇಲೆ 2005ರಲ್ಲಿ ಮುಧೋಳ ನಾಯಿಯ ಮೇಲೆ ಅಂಚೆಚೀಟಿ ಬಂದದ್ದನ್ನು ಮಕ್ಕಳಿಗೆ ಹೇಳಿದೆ. ಸೋಮವಾರ ಎಲ್ಲರೂ ನಾಯಿ ಚಿತ್ರ ಬರೆದುಕೊಂಡು ಬರ್ತಾರೆ.

ಟಿಳಕವಾಡಿ ಅವ್ವ
ಭಾನುವಾರ, ರಾತ್ರಿ 8:55

ಆಯಿ ಹೇಳಿದ ಆನೆ ಶುಕ್ರವಾರ ಹೋಯ್ತು. ಸೊಂಡಿಲು ಮುರಿಯಲಿಲ್ಲ. ಸಂಜೆ ಡಬ್ಬಿ ತೆಗೆದರೆ ಒಳಗೆ ಬರೀ ಎರಡು ಗುರೆಳ್ಳು. ಕಣ್ಣು ಮಾತ್ರ ನನಗೆ ತೋರಿಸಲು ಉಳಿಸಿಕೊಂಡು ಬಂದಿದ್ದಳು.

ಇವತ್ತಿನದು ಕೇಳಿ. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತಲ್ಲ, ಮಧ್ಯಾಹ್ನ ಅಜ್ಜನ ಜೊತೆ ಕೂತು ಎರೆಮಣ್ಣಿನ ಎತ್ತು ಮಾಡ್ತಿದ್ದಳು. ನಾನು ಒಳಗೆ ನಾಳೆಯ ಡಬ್ಬಿಗೆ ಏನು ಅಂತ ಯೋಚನೆ ಮಾಡ್ತಿದ್ದೆ. ಎತ್ತನ್ನೇ ಮಾಡೋಣ ಅಂತ ಒಂದು ಬ್ರೆಡ್ ತೆಗೆದು ಕತ್ತರಿಸಿ ನೋಡಿದೆ. ಕೋಡು ಸಪೂರ ಇರುವುದರಿಂದ ಹಿಂದಕ್ಕೆ ಬಾಗಿಸಿ ಬೆನ್ನ ಹಿಣಿಲಿಗೆ ಕೂಡಿಸಿದೆ. ಆಯಿಯ ಅಚ್ಚಿನ ಹಾಗೇ. ಚೆನ್ನಾಗಿ ಬಂತು ಅಂತ ಅವಳಿಗೆ ತೋರಿಸಿದೆ.

ಮಣ್ಣು ಹತ್ತಿದ ಕೈ ಹಿಂದೆ ಕಟ್ಟಿಕೊಂಡು ಸ್ವಲ್ಪ ಹೊತ್ತು ನೋಡಿದಳು. "ಒಂದ ಎತ್ತು ಮಾಡಂಗಿಲ್ಲವ್ವಾ, ಜೋಡಿ ಬೇಕು" ಅಂದಳು. ಕೈ ತೊಳೆದು ಬಂದು ಎರಡನೆಯದನ್ನು ಅವಳೇ ಕತ್ತರಿಸಿದಳು. ಮೊಂಡ ಚಾಕು ಕೊಟ್ಟಿದ್ದೆ, ನಾಲಿಗೆ ಹೊರಗೆ ಚಾಚಿಕೊಂಡು ಹತ್ತು ನಿಮಿಷ. ಒಂದು ಕೋಡು ಗಿಡ್ಡ ಆಯ್ತು, ಅದು ತನ್ನದು ಅಂತ ಹೇಳಿದಳು. ಆಮೇಲೆ ಎತ್ತಿಗೆ ಮೇವು ಹಾಕುವ ಗ್ವಾದಲಿ ಎಲ್ಲಿ ಅಂತ ಕೇಳಿದಳು. ಮಣ್ಣೆತ್ತಿನ ಮುಂದೆ ಗ್ವಾದಲಿ ಇಡ್ತೇವಲ್ಲ. ಡಬ್ಬಿಯ ಸಣ್ಣ ಖಾನೆ ತೋರಿಸಿದೆ. ಅದರಲ್ಲಿ ಮೇವು ಇರಬೇಕಂತೆ. ಮೊಳಕೆ ಬಂದ ಹೆಸರುಕಾಳು ಇತ್ತು, ಹಬೆಯಲ್ಲಿ ಬೇಯಿಸಿ ಉಪ್ಪು ನಿಂಬೆ ಹಾಕಿ ಇಡ್ತೀನಿ ಅಂದೆ. ಈ ಹುಡುಗಿ ಹುಟ್ಟಿದಾಗಿನಿಂದ ಮೊಳಕೆ ಕಾಳು ಮುಟ್ಟಿದವಳಲ್ಲ. ಎತ್ತು ತಿಂದರೆ ತಾನೂ ತಿನ್ನುತ್ತಾಳಂತೆ.

ಒಂದೇ ಕೆಲಸ ಉಳಿದಿದೆ. ಎರಡೂ ಎತ್ತಿಗೆ ನೊಗ ಬೇಕು ಅಂತ ಹಟ. ಗಜ್ಜರಿಯ ಉದ್ದ ಹೋಳು ಇಟ್ಟು ನೋಡಿದೆ, ಕುತ್ತಿಗೆಯಿಂದ ಜಾರುತ್ತೆ. ಹಲ್ಲುಕಡ್ಡಿ ಚುಚ್ಚಲ್ಲ. ಏನು ಮಾಡಲಿ?

ನವನಗರದ ಅಕ್ಕ
ಭಾನುವಾರ, ರಾತ್ರಿ 9:10

ಸೌತೆಕಾಯಿಯ ಸಿಪ್ಪೆಯನ್ನು ಉದ್ದಕ್ಕೆ ಸಪೂರ ಎಳೆದು, ಉಪ್ಪು ಸವರಿ ಐದು ನಿಮಿಷ ಬಿಡಿ. ಮೆತ್ತಗಾಗಿ ದಾರದ ಹಾಗೆ ಬಾಗುತ್ತೆ. ಒರೆಸಿಕೊಂಡು ಗಜ್ಜರಿಯ ನೊಗವನ್ನು ಎರಡೂ ಕುತ್ತಿಗೆಗೆ ಅದರಿಂದಲೇ ಸುತ್ತಿ ಕಟ್ಟಿ.

ಗೋಕಾಕದ ಆಯಿ
ಭಾನುವಾರ, ರಾತ್ರಿ 9:25

ಗಿಡ್ಡ ಕೋಡಿನ ಎತ್ತನ್ನು ಬಲಗಡೆ ಕಟ್ಟು. ಅವಳ ಕೈಗೆ ಮೊದಲು ಅದೇ ಸಿಗಲಿ.